ಕುದಿಯುವ ಕಲ್ಲಿನಿಂದ ಉಸಿರಾಡುವ ಸ್ಫಟಿಕದವರೆಗೆ

ಬಿಸಿ ಮಾಡಿದರೆ ವಸ್ತುಗಳು ಹಿಗ್ಗುತ್ತವೆ, ತಣಿಸಿದರೆ ಕುಗ್ಗುತ್ತವೆ. ಪ್ರೌಢಶಾಲೆಯ ವಿಜ್ಞಾನ ಪುಸ್ತಕದಲ್ಲಿ ನಾವೆಲ್ಲ ಓದಿರುವ ಮಾತಿದು. ಪುಸ್ತಕ ಓದದೆಯೂ ಇದನ್ನು ಚೆನ್ನಾಗಿ ಬಲ್ಲವರು ನಮ್ಮ ಹಳ್ಳಿಗಳ ಕಮ್ಮಾರರು. ಎತ್ತಿನ ಗಾಡಿಯ ಮರದ ಚಕ್ರಕ್ಕೆ ಕಬ್ಬಿಣದ ಪಟ್ಟಿ ತೊಡಿಸುವಾಗ ಅವರು ಚಕ್ರಕ್ಕಿಂತ ತುಸು ಚಿಕ್ಕದಾದ ಪಟ್ಟಿಯನ್ನೇ ಆರಿಸುತ್ತಿದ್ದರು. ಅದನ್ನು ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಹಿಗ್ಗಿದಾಗ ಚಕ್ರಕ್ಕೆ ಏರಿಸಿ, ಮೇಲೆ ನೀರು ಸುರಿಯುತ್ತಿದ್ದರು. ತಣಿದ ಪಟ್ಟಿ ಚಕ್ರವನ್ನು ಬಿಗಿಯಾಗಿ ಅಪ್ಪಿಕೊಳ್ಳುತ್ತಿತ್ತು.

ಆದರೆ ಈ ನಿಯಮಕ್ಕೆ ಮಣಿಯದ ವಸ್ತುಗಳೂ ಇವೆ. ಕೆಲವು ಸ್ಫಟಿಕಗಳು ಬಿಸಿಯಾದಾಗ ಕುಗ್ಗುತ್ತವೆ. ಕೆಲವು ಒಂದು ದಿಕ್ಕಿನಲ್ಲಿ ಹಿಗ್ಗುತ್ತಲೇ ಇನ್ನೊಂದು ದಿಕ್ಕಿನಲ್ಲಿ ಕುಗ್ಗುತ್ತವೆ. ಮತ್ತೆ ಕೆಲವು, ಮುಚ್ಚಿದ ಬಾಗಿಲು ತೆರೆದಂತೆ, ತಮ್ಮೊಳಗಿನ ಕಿಂಡಿಗಳನ್ನು ಒಮ್ಮೆಗೇ ಅಗಲಿಸಿಕೊಳ್ಳುತ್ತವೆ. ಇವುಗಳಲ್ಲಿ ಹೆಚ್ಚಿನವು ಸರಂಧ್ರ ಸ್ಫಟಿಕಗಳು. ಅಂದರೆ ಪರಮಾಣುಗಳು ಕ್ರಮವಾಗಿ ಜೋಡಣೆಗೊಂಡಿದ್ದರೂ ನಡುನಡುವೆ ಖಾಲಿ ಜಾಗ ಉಳಿಸಿಕೊಂಡಿರುವ ಸ್ಫಟಿಕಗಳು. 2025ರ ರಸಾಯನ ವಿಜ್ಞಾನದ ನೊಬೆಲ್ ಪ್ರಶಸ್ತಿ ಸಂದಿದ್ದು ಇಂಥ ವಸ್ತುಗಳನ್ನು ಕಟ್ಟಿದ ಮೂವರಿಗೆ. ಇವುಗಳ ಕಥೆಯಾದರೋ ಅದಕ್ಕಿಂತ ಬಹಳ ಹಳೆಯದು. ಸುಮಾರು 270 ವರ್ಷಗಳ ಈ ಕಥೆಯಲ್ಲಿ ಬಿಸಿಯೇ ಪರೀಕ್ಷಕ. ಅದು ಮತ್ತೆ ಮತ್ತೆ ಕೇಳಿದ ಪ್ರಶ್ನೆ ಒಂದೇ: ಒಳಗಿದ್ದವರು ಹೊರಟುಹೋದ ಮೇಲೆ ಮನೆ ನಿಲ್ಲುತ್ತದೆಯೆ, ಬೀಳುತ್ತದೆಯೆ?

ಕುದಿದ ಕಲ್ಲು

1756ರಲ್ಲಿ ಸ್ವೀಡನ್ನಿನ ಖನಿಜ ವಿಜ್ಞಾನಿ ಆಕ್ಸೆಲ್ ಫ್ರೆಡ್ರಿಕ್ ಕ್ರೋನ್‌ಸ್ಟೆಟ್ ಒಂದು ಖನಿಜವನ್ನು ಪರೀಕ್ಷಿಸುತ್ತಿದ್ದ. ಕೆಲವೇ ವರ್ಷಗಳ ಹಿಂದೆ, 1751ರಲ್ಲಿ, ನಿಕ್ಕಲ್ ಲೋಹವನ್ನು ಕಂಡುಹಿಡಿದವನೂ ಇವನೇ. ಆ ಕಾಲದ ಖನಿಜ ವಿಜ್ಞಾನಿಗಳ ಮುಖ್ಯ ಉಪಕರಣ ಊದುಗೊಳವೆ. ದೀಪದ ಜ್ವಾಲೆಯನ್ನು ಅದರಿಂದ ಊದಿ, ಕಲ್ಲಿನ ಚೂರಿನ ಮೇಲೆ ಹಾಯಿಸಿ, ಅದು ಕರಗುವುದೋ, ಬಣ್ಣ ಬದಲಿಸುವುದೋ ಎಂದು ನೋಡುತ್ತಿದ್ದರು. ಕ್ರೋನ್‌ಸ್ಟೆಟ್‌ನ ಕಲ್ಲು ಬೇರೆಯದೇ ಆಟ ತೋರಿಸಿತು. ಜ್ವಾಲೆ ತಗುಲುತ್ತಲೇ ಅದು ನೊರೆಗರೆಯಿತು, ಉಬ್ಬಿತು, ಕುದಿಯುವಂತೆ ಕಂಡಿತು. ಗ್ರೀಕ್ ಭಾಷೆಯಲ್ಲಿ 'ಕುದಿ' ಮತ್ತು 'ಕಲ್ಲು' ಎಂಬ ಅರ್ಥದ ಎರಡು ಪದಗಳನ್ನು ಕೂಡಿಸಿ ಅವನು ಅದಕ್ಕೆ 'ಜಿಯೊಲೈಟ್' ಎಂದು ಹೆಸರಿಟ್ಟ. ಜಿಯೊಲೈಟ್ ಗುಂಪಿನ ಖನಿಜಗಳು ನಮಗೆ ದೂರದವಲ್ಲ. ಪುಣೆ, ನಾಸಿಕ್ ಸುತ್ತಲಿನ ದಖನ್ ಪ್ರಸ್ಥಭೂಮಿಯ ಕಪ್ಪು ಬಸಾಲ್ಟ್ ಬಂಡೆಗಳ ಪೊಟರೆಗಳಲ್ಲಿ ಸ್ಟಿಲ್ಬೈಟ್ ಮೊದಲಾದ ಜಿಯೊಲೈಟುಗಳ ಸುಂದರ ಹರಳುಗಳು ಸಿಗುತ್ತವೆ.

ಕಲ್ಲು ಕುದಿದದ್ದೇಕೆ? ಅದರೊಳಗೆ ನೀರಿತ್ತು. ಬಿಸಿಗೆ ಆ ನೀರು ಆವಿಯಾಗಿ ಹೊರಬಂತು. ಇಷ್ಟೇ ಆಗಿದ್ದರೆ ಹೆಚ್ಚಿನ ವಿಶೇಷವೇನೂ ಇರಲಿಲ್ಲ. ನಿಮ್ಮ ಶಾಲೆಯ ಪ್ರಯೋಗಾಲಯದಲ್ಲಿ ಮೈಲುತುತ್ತದ ನೀಲಿ ಹರಳನ್ನು ಪ್ರನಾಳದಲ್ಲಿಟ್ಟು ಕಾಯಿಸಿರುತ್ತೀರಿ. ಅದರಲ್ಲಿರುವ ನೀರೂ ಹೊರಬೀಳುತ್ತದೆ. ಆದರೆ ನೀರು ಹೋದೊಡನೆ ಹರಳು ಕುಸಿದು ಬಿಳಿಯ ಪುಡಿಯಾಗುತ್ತದೆ. ಮೇಲೆ ಹನಿ ನೀರು ಹಾಕಿದರೆ ನೀಲಿ ಬಣ್ಣವೇನೋ ಮರಳುತ್ತದೆ. ಮೊದಲಿನ ಹರಳು ಮರಳುವುದಿಲ್ಲ. ಅಲ್ಲಿ ನೀರು ಅತಿಥಿಯಲ್ಲ, ಮನೆಯ ಕಂಬವೇ. ಕಂಬ ಕಿತ್ತರೆ ಸೂರು ಬೀಳಲೇಬೇಕು.

ಜಿಯೊಲೈಟ್ ಹಾಗಲ್ಲ ಎಂಬುದನ್ನು 1840ರಲ್ಲಿ ಫ್ರಾನ್ಸಿನ ಅಲೆಕ್ಸಿ ದಾಮೂರ್ ತೋರಿಸಿದ. ಹದವಾಗಿ ಕಾಯಿಸಿದಾಗ ಹರಳು ನೀರನ್ನು ಬಿಟ್ಟುಕೊಟ್ಟಿತು. ಆದರೂ ಅದರ ಆಕಾರ ಕೆಡಲಿಲ್ಲ, ಪಾರದರ್ಶಕತೆ ಕುಂದಲಿಲ್ಲ. ತೇವದ ಗಾಳಿಯಲ್ಲಿಟ್ಟಾಗ ಅದು ಕಳೆದುಕೊಂಡ ನೀರನ್ನು ಮತ್ತೆ ಹೀರಿಕೊಂಡಿತು. ಕಾಯಿಸಿದರೆ ಬಿಡುವುದು, ತಣಿಸಿದರೆ ಹೀರುವುದು. ಎಷ್ಟು ಬಾರಿ ಮಾಡಿದರೂ ಅದೇ. ನೀರು ಇಲ್ಲಿ ಬಾಡಿಗೆದಾರ. ಮನೆಯ ಗೋಡೆಗಳು ಬೇರೆಯೇ ಇವೆ ಎಂದಾಯಿತು. ಆ ಗೋಡೆಗಳನ್ನು ಕಾಣುವ ಕಣ್ಣು ಮಾತ್ರ ಆಗ ಯಾರಿಗೂ ಇರಲಿಲ್ಲ.

ಅಣುಗಳನ್ನು ಸೋಸುವ ಜರಡಿ

ಆ ಕಣ್ಣು ದೊರೆತದ್ದು ಇಪ್ಪತ್ತನೆಯ ಶತಮಾನದಲ್ಲಿ, ಕ್ಷ-ಕಿರಣಗಳ ರೂಪದಲ್ಲಿ. ಅದಕ್ಕೂ ಸ್ವಲ್ಪ ಮೊದಲು, 1925ರಲ್ಲಿ, ವೈಗೆಲ್ ಮತ್ತು ಸ್ಟೈನ್‌ಹಾಫ್ ಎಂಬ ಇಬ್ಬರು ಒಂದು ಕುತೂಹಲದ ಸಂಗತಿಯನ್ನು ವರದಿ ಮಾಡಿದ್ದರು. ಚಾಬಾಸೈಟ್ ಎಂಬ ಜಿಯೊಲೈಟನ್ನು ಕಾಯಿಸಿ ಖಾಲಿ ಮಾಡಿದಾಗ, ಅದು ನೀರಿನ ಆವಿಯನ್ನೂ ಮದ್ಯಸಾರದ ಆವಿಯನ್ನೂ ಒಳಕ್ಕೆ ಬಿಟ್ಟುಕೊಂಡಿತು. ಅಸಿಟೋನ್, ಈಥರ್, ಬೆಂಜೀನ್ ಬಂದಾಗ ಬಾಗಿಲಲ್ಲೇ ತಡೆಯಿತು. ಸಣ್ಣ ಅಣುಗಳಿಗೆ ಪ್ರವೇಶ, ದೊಡ್ಡವಕ್ಕೆ ಇಲ್ಲ. ರಾಗಿ ಕೆಳಗಿಳಿದು ಕಲ್ಲು ಮೇಲುಳಿಯುವ ಜರಡಿಯ ಕೆಲಸವೇ ಇದು. ಆದರೆ ಅಣುಗಳ ಮಟ್ಟದಲ್ಲಿ. 1932ರಲ್ಲಿ ಜೆ. ಡಬ್ಲ್ಯು. ಮೆಕ್‌ಬೇನ್ ಇಂಥ ವಸ್ತುಗಳನ್ನು 'ಅಣು ಜರಡಿ' ಎಂದು ಕರೆದರು. 1930ರಲ್ಲಿ ಲೈನಸ್ ಪಾಲಿಂಗ್ ಮತ್ತು ಡಬ್ಲ್ಯು. ಎಚ್. ಟೇಲರ್ ಕ್ಷ-ಕಿರಣಗಳ ನೆರವಿನಿಂದ ಕೆಲವು ಜಿಯೊಲೈಟುಗಳ ಒಳರಚನೆಯನ್ನು ಬಿಡಿಸಿ ತೋರಿಸಿದ್ದರು. ಸಿಲಿಕಾನ್, ಅಲ್ಯೂಮಿನಿಯಮ್ ಮತ್ತು ಆಮ್ಲಜನಕದ ಪರಮಾಣುಗಳು ಕೂಡಿ ಕಟ್ಟಿದ ಗಟ್ಟಿಮುಟ್ಟಾದ ಚೌಕಟ್ಟು. ಅದರ ಮಧ್ಯೆ ಓಣಿಗಳು, ಕೋಣೆಗಳು.

ಮುಂದಿನ ಹಂತದಲ್ಲಿ ಇವುಗಳನ್ನು ಪ್ರಯೋಗಾಲಯದಲ್ಲೇ ತಯಾರಿಸಿದರು. ಬ್ರಿಟನ್ನಿನಲ್ಲಿ ರಿಚರ್ಡ್ ಬ್ಯಾರರ್ 1940ರ ದಶಕದಲ್ಲಿ ದಾರಿ ತೋರಿದರೆ, ಅಮೆರಿಕದಲ್ಲಿ ರಾಬರ್ಟ್ ಮಿಲ್ಟನ್ 1949ರಲ್ಲಿ 'ಜಿಯೊಲೈಟ್ ಎ' ಎಂಬುದನ್ನು ತಯಾರಿಸಿದರು. ಪೆಟ್ರೋಲಿಯಂ ಶುದ್ಧೀಕರಣದಿಂದ ಹಿಡಿದು ಬಟ್ಟೆ ಒಗೆಯುವ ಪುಡಿಯವರೆಗೆ ಜಿಯೊಲೈಟುಗಳು ಬಳಕೆಗೆ ಬಂದವು. 2021ರ ಕೋವಿಡ್ ಅಲೆಯಲ್ಲಿ ನಮ್ಮ ಮನೆಗಳಲ್ಲೂ ಆಸ್ಪತ್ರೆಗಳಲ್ಲೂ ಓಡಿದ ಆಮ್ಲಜನಕ ಯಂತ್ರಗಳ ಒಳಗೆ ಗಾಳಿಯ ಸಾರಜನಕವನ್ನು ಹಿಡಿದಿಟ್ಟು ಆಮ್ಲಜನಕವನ್ನು ಮುಂದಕ್ಕೆ ಬಿಡುತ್ತಿದ್ದದ್ದು ಜಿಯೊಲೈಟ್ ಕಾಳುಗಳೇ.

ಈ ಯಶಸ್ಸಿನ ಜೊತೆಗೇ ಒಂದು ನಂಬಿಕೆ ಬೇರೂರಿತು. ಸರಂಧ್ರ ಸ್ಫಟಿಕ ಉಪಯೋಗಕ್ಕೆ ಬರಬೇಕಾದರೆ ಅದು ಜಿಯೊಲೈಟಿನಂತೆ ಕಲ್ಲಾಗಿರಬೇಕು. ಬಿಸಿಗೆ ಜಗ್ಗದೆ, ಬಗ್ಗದೆ ನಿಲ್ಲಬೇಕು ಎಂಬುದೇ ಆ ನಂಬಿಕೆ.

ಮರದ ಚೆಂಡುಗಳಿಂದ ಹೊಳೆದದ್ದು

1974ರಲ್ಲಿ ಆಸ್ಟ್ರೇಲಿಯದ ಮೆಲ್ಬೋರ್ನ್ ವಿಶ್ವವಿದ್ಯಾಲಯದ ಅಧ್ಯಾಪಕ ರಿಚರ್ಡ್ ರಾಬ್ಸನ್ ತಮ್ಮ ವಿದ್ಯಾರ್ಥಿಗಳಿಗೆ ಅಣುಗಳ ಮಾದರಿ ತೋರಿಸಲು ಮರದ ಚೆಂಡುಗಳನ್ನು ಸಿದ್ಧಪಡಿಸುತ್ತಿದ್ದರು. ಕಡ್ಡಿ ಸಿಕ್ಕಿಸಲು ಚೆಂಡುಗಳಲ್ಲಿ ತೂತು ಕೊರೆಯಬೇಕು. ತೂತು ಎಲ್ಲೆಂದರಲ್ಲಿ ಇರುವಂತಿಲ್ಲ. ಇಂಗಾಲಕ್ಕೆ ನಾಲ್ಕು, ಇಂಥ ಕೋನದಲ್ಲಿ ಎಂದು ಗೊತ್ತುಪಡಿಸಿರಬೇಕು. ತೂತು ಸರಿಯಾದ ಜಾಗದಲ್ಲಿದ್ದರೆ ಮಾದರಿ ತಾನಾಗಿಯೇ ಸರಿಯಾದ ಆಕಾರ ಪಡೆಯುತ್ತದೆ. ಹಾಗಾದರೆ ಚೆಂಡಿನ ಜಾಗದಲ್ಲಿ ಲೋಹದ ಅಯಾನುಗಳನ್ನೂ, ಕಡ್ಡಿಯ ಜಾಗದಲ್ಲಿ ಉದ್ದನೆಯ ಇಂಗಾಲದ ಅಣುಗಳನ್ನೂ ಇಟ್ಟರೆ ನಮಗೆ ಬೇಕಾದ ಚೌಕಟ್ಟು ಕಟ್ಟಬಹುದಲ್ಲ ಎಂದು ಅವರಿಗೆ ಹೊಳೆಯಿತು. ಅದನ್ನು ಮಾಡಿ ನೋಡಲು ಹತ್ತು ವರ್ಷಕ್ಕೂ ಮಿಕ್ಕಿ ಹಿಡಿಯಿತು. 1989ರಲ್ಲಿ ಅವರು ತಾಮ್ರದ ಅಯಾನುಗಳಿಂದ ವಜ್ರದ ರಚನೆಯನ್ನೇ ಹೋಲುವ, ಆದರೆ ಒಳಗೆ ವಿಶಾಲ ಖಾಲಿ ಜಾಗವಿರುವ ಸ್ಫಟಿಕವನ್ನು ಪ್ರಕಟಿಸಿದರು.

ಅನೇಕ ರಸಾಯನ ವಿಜ್ಞಾನಿಗಳು ತಲೆಯಾಡಿಸಲಿಲ್ಲ. ಈ ಚೌಕಟ್ಟುಗಳ ಒಳಗಿನ ಜಾಗ ನಿಜವಾಗಿ ಖಾಲಿಯಿರಲಿಲ್ಲ. ತಯಾರಿಸುವಾಗ ಬಳಸಿದ ದ್ರಾವಕದ ಅಣುಗಳು ಅಲ್ಲಿ ತುಂಬಿಕೊಂಡಿರುತ್ತಿದ್ದವು. ಅವನ್ನು ಹೊರಹಾಕಲು ಕಾಯಿಸಿದರೆ ಚೌಕಟ್ಟು ಮೈಲುತುತ್ತದ ಹರಳಿನಂತೆ ಕುಸಿಯುವ ಸಂಭವವೇ ಹೆಚ್ಚು. ಇದು ನ್ಯಾಯವಾದ ಸಂಶಯವೇ ಆಗಿತ್ತು. ಮೊದಲಿನ ಹಲವು ರಚನೆಗಳು ನಿಜಕ್ಕೂ ಹಾಗೆ ಕುಸಿಯುತ್ತಿದ್ದವು.

ಜಪಾನಿನ ಸುಸುಮು ಕಿತಾಗಾವಾ ಹಿಂಜರಿಯಲಿಲ್ಲ. ತರುಣರಾಗಿದ್ದಾಗ ಅವರು ನೊಬೆಲ್ ಪುರಸ್ಕೃತ ಭೌತವಿಜ್ಞಾನಿ ಹಿಡೆಕಿ ಯುಕಾವಾ ಅವರ ಪುಸ್ತಕವೊಂದನ್ನು ಓದಿದ್ದರು. ಅದರಲ್ಲಿ ಪ್ರಾಚೀನ ಚೀನಾದ ತತ್ತ್ವಜ್ಞಾನಿ ಚುವಾಂಗ್‌ತ್ಸುವಿನ ವಿಚಾರ ಬರುತ್ತದೆ: ಇಂದು ಉಪಯೋಗವಿಲ್ಲ ಎನಿಸಿದ್ದಕ್ಕೂ ಉಪಯೋಗವಿರಬಹುದು. 1992ರಲ್ಲಿ ಅವರು ಕಟ್ಟಿದ ಮೊದಲ ರಚನೆಯಿಂದ ಹೇಳಿಕೊಳ್ಳುವಂಥ ಪ್ರಯೋಜನವಿರಲಿಲ್ಲ. ಸಂಶೋಧನೆಗೆ ಹಣ ಕೊಡುವವರೂ ಇದರಲ್ಲೇನಿದೆ ಎಂದು ಕೇಳಿದರು. ಆದರೆ 1997ರಲ್ಲಿ ಅವರ ತಂಡ ಓಣಿಗಳು ಹೆಣೆದುಕೊಂಡಿದ್ದ ಒಂದು ಚೌಕಟ್ಟನ್ನು ಒಣಗಿಸಿ, ನೀರನ್ನು ಪೂರ್ತಿಯಾಗಿ ಹೊರಹಾಕಿತು. ಚೌಕಟ್ಟು ನಿಂತಿತು. ಮೀಥೇನ್, ಸಾರಜನಕ, ಆಮ್ಲಜನಕಗಳನ್ನು ಅದು ಹೀರಿಕೊಂಡಿತು, ಬಿಟ್ಟುಕೊಟ್ಟಿತು.

ಮೂರನೆಯವರು ಒಮರ್ ಯಾಗಿ. ಜೋರ್ಡಾನಿನ ಅಮ್ಮಾನ್ ನಗರದಲ್ಲಿ, ವಿದ್ಯುತ್ತಾಗಲಿ ನಲ್ಲಿ ನೀರಾಗಲಿ ಇಲ್ಲದ ಒಂದೇ ಕೋಣೆಯ ಮನೆಯಲ್ಲಿ, ದೊಡ್ಡ ಕುಟುಂಬದಲ್ಲಿ ಬೆಳೆದ ಹುಡುಗ. ಹದಿನೈದನೆಯ ವಯಸ್ಸಿಗೆ ಓದಲೆಂದು ಅಮೆರಿಕಕ್ಕೆ ಹೋದವರು. 1995ರಲ್ಲಿ 'ಲೋಹ-ಸಾವಯವ ಚೌಕಟ್ಟು' ಎಂಬ ಹೆಸರನ್ನು ಬಳಕೆಗೆ ತಂದರು. ಇಂಗ್ಲಿಷಿನ ಮೊದಲಕ್ಷರಗಳಿಂದ ಇದನ್ನು 'ಎಂಓಎಫ್' ಎನ್ನುತ್ತಾರೆ. 1999ರಲ್ಲಿ ಅವರು ಪ್ರಕಟಿಸಿದ 'ಎಂಓಎಫ್-5' ಸಂಶಯವನ್ನು ಬಹುಮಟ್ಟಿಗೆ ಕೊನೆಗಾಣಿಸಿತು. ಸತು ಲೋಹದ ಗೊಂಚಲುಗಳನ್ನು ಟೆರೆಫ್ತಾಲಿಕ್ ಆಮ್ಲದ ಕಡ್ಡಿಗಳಿಂದ ಜೋಡಿಸಿದ ರಚನೆ ಅದು. ನೀರಿನ ಬಾಟಲಿಯ ಪ್ಲಾಸ್ಟಿಕ್ಕಿಗೂ ಪಾಲಿಯೆಸ್ಟರ್ ಬಟ್ಟೆಗೂ ಬೇಕಾಗುವ ಆಮ್ಲವೇ ಇದು. ಒಳಗಿದ್ದುದನ್ನೆಲ್ಲ ಖಾಲಿ ಮಾಡಿ 300 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿದರೂ ಚೌಕಟ್ಟು ಕದಲಲಿಲ್ಲ. ಅದರ ಒಂದೇ ಒಂದು ಗ್ರಾಂನಲ್ಲಿ ಒಳಗೋಡೆಗಳ ವಿಸ್ತೀರ್ಣ ಸುಮಾರು 2,900 ಚದರ ಮೀಟರ್ ಎಂದು ಅಳೆದರು. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ, ಚಿಟಿಕೆ ಪುಡಿಯಲ್ಲಿ 28 ಗುಂಟೆ ಜಮೀನು!

ಮೂರನೆಯ ತಲೆಮಾರು

ಮನೆ ನಿಂತಿತು ಎಂದು ಎಲ್ಲರೂ ಸಂತೋಷಪಡುತ್ತಿದ್ದಾಗ ಕಿತಾಗಾವಾ ಇನ್ನೊಂದು ಮಾತು ಹೇಳಿದರು. 1998ರಲ್ಲಿ ಜಪಾನಿನ ರಸಾಯನ ವಿಜ್ಞಾನ ಸಂಘದ ಪತ್ರಿಕೆಯಲ್ಲಿ ಬರೆಯುತ್ತ ಅವರು ಇಂಥ ಚೌಕಟ್ಟುಗಳನ್ನು ಮೂರು ತಲೆಮಾರುಗಳಾಗಿ ವಿಂಗಡಿಸಿದರು. ಒಳಗಿನ ಅತಿಥಿ ಅಣುಗಳು ಹೋದರೆ ಕುಸಿಯುವುದು ಮೊದಲನೆಯದು. ಹೋದರೂ ಹಾಗೆಯೇ ನಿಲ್ಲುವುದು ಎರಡನೆಯದು. ಮೂರನೆಯದು ಕುಸಿಯುವುದೂ ಇಲ್ಲ, ಇದ್ದಂತೆ ಇರುವುದೂ ಇಲ್ಲ. ಅತಿಥಿ ಬಂದಾಗ, ಹೋದಾಗ, ಬಿಸಿ ತಗುಲಿದಾಗ ಆಕಾರ ಬದಲಿಸಿಕೊಂಡು, ಮತ್ತೆ ಮೊದಲಿನ ಆಕಾರಕ್ಕೆ ಮರಳುತ್ತದೆ. ಜಿಯೊಲೈಟುಗಳಿಗೆ ಕಷ್ಟವಾದದ್ದು ಇವುಗಳಿಗೆ ಸಾಧ್ಯ. ಏಕೆಂದರೆ ಇಲ್ಲಿ ಗಡುಸಾದ ಕಡ್ಡಿಗಳು ಸೇರುವ ಕೀಲುಗಳು ಬಾಗಬಲ್ಲವು.

ಇದಕ್ಕೆ ಅತ್ಯುತ್ತಮ ಉದಾಹರಣೆ ಫ್ರಾನ್ಸಿನ ವರ್ಸಾಯ್‌ನಲ್ಲಿ ಜೆರಾರ್ ಫೆರೆ ಅವರ ತಂಡ ಈ ಶತಮಾನದ ಆರಂಭದಲ್ಲಿ ರೂಪಿಸಿದ 'ಎಂಐಎಲ್-53'. ಇಲ್ಲಿಯೂ ಅದೇ ಟೆರೆಫ್ತಾಲಿಕ್ ಆಮ್ಲದ ಕಡ್ಡಿಗಳು. ಲೋಹ ಮಾತ್ರ ಬೇರೆ, ಕ್ರೋಮಿಯಮ್ ಅಥವಾ ಅಲ್ಯೂಮಿನಿಯಮ್. ಓಣಿಗಳ ಅಡ್ಡಕೊಯ್ತ ವಜ್ರಾಕೃತಿಯದು. ಅಂಗಡಿಗಳ ಮುಂದಿನ, ಎಳೆದರೆ ಮಡಚಿಕೊಳ್ಳುವ ಕಬ್ಬಿಣದ ಗೇಟನ್ನು ನೆನಪಿಸಿಕೊಳ್ಳಿ. ಅದರ ಪಟ್ಟಿಗಳು ಉದ್ದವಾಗುವುದಿಲ್ಲ, ಗಿಡ್ಡವಾಗುವುದಿಲ್ಲ. ಕೀಲುಗಳಲ್ಲಿ ತಿರುಗುತ್ತವೆ, ಅಷ್ಟೆ. ಆದರೂ ಗೇಟು ಬಾಗಿಲಗಲಕ್ಕೆ ಹರಡಬಲ್ಲದು, ಮೂಲೆಗೆ ಸರಿದು ನಿಲ್ಲಬಲ್ಲದು.

ಎಂಐಎಲ್-53 ಮಾಡುವುದೂ ಅದನ್ನೇ. ಸಾಮಾನ್ಯ ಗಾಳಿಯಲ್ಲಿಟ್ಟಾಗ ಅದು ತೇವವನ್ನು ಹೀರುತ್ತದೆ. ನೀರಿನ ಅಣುಗಳು ಎರಡು ಬದಿಯ ಗೋಡೆಗಳನ್ನು ತಮ್ಮತ್ತ ಸೆಳೆಯುತ್ತವೆ, ಓಣಿ ಕಿರಿದಾಗುತ್ತದೆ. ಕಾಯಿಸಿದರೆ ನೀರು ಹೊರಡುತ್ತದೆ, ಓಣಿ ತೆರೆದುಕೊಳ್ಳುತ್ತದೆ. 2004ರಲ್ಲಿ ಪ್ರಕಟವಾದ ಅಳತೆಗಳನ್ನು ನೋಡಿ: ಅಲ್ಯೂಮಿನಿಯಮ್ ಇರುವ ಸ್ಫಟಿಕದಲ್ಲಿ, ತೆರೆದಾಗ ಓಣಿ 8.5 ಆಂಗ್‌ಸ್ಟ್ರಾಂ ಅಗಲ, 8.5 ಆಂಗ್‌ಸ್ಟ್ರಾಂ ಎತ್ತರ. ಮುಚ್ಚಿಕೊಂಡಾಗ ಒಂದು ಕಡೆ 2.6, ಇನ್ನೊಂದು ಕಡೆ 13.6. ಒಂದು ಮಿಲಿಮೀಟರನ್ನು ಕೋಟಿ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲೇ ಆಂಗ್‌ಸ್ಟ್ರಾಂ. ಒಂದು ದಿಕ್ಕಿನಲ್ಲಿ ಸಿಕ್ಕಿದ್ದನ್ನು ಇನ್ನೊಂದು ದಿಕ್ಕಿನಲ್ಲಿ ಕಳೆದುಕೊಳ್ಳುವ ಈ ಚಲನೆಗೆ ಫೆರೆ ಅವರು 'ಉಸಿರಾಟ' ಎಂದರು.

ನೀರಿಲ್ಲದೆ, ಬರೀ ಬಿಸಿಯಿಂದಲೇ ಈ ಉಸಿರಾಟ ನಡೆಯುತ್ತದೆಯೆ? 2008ರಲ್ಲಿ ಅಮೆರಿಕದ ವಿಜ್ಞಾನಿಗಳು ನ್ಯೂಟ್ರಾನ್ ಕಿರಣಗಳಿಂದ ಇದನ್ನು ಪರೀಕ್ಷಿಸಿದರು. ಪೂರ್ತಿ ಖಾಲಿ ಮಾಡಿದ ಅಲ್ಯೂಮಿನಿಯಮ್ ಸ್ಫಟಿಕವನ್ನು ತಣಿಸುತ್ತ ಹೋದಾಗ, ಸೊನ್ನೆಗಿಂತ ಸುಮಾರು 120ರಿಂದ 150 ಡಿಗ್ರಿ ಕೆಳಗೆ ಓಣಿಗಳು ತಾವಾಗಿಯೇ ಮುಚ್ಚಿಕೊಂಡವು. ಸ್ಫಟಿಕದ ಗಾತ್ರ ಸುಮಾರು ಶೇಕಡ 40ರಷ್ಟು ಇಳಿಯಿತು. ಮತ್ತೆ ಕಾಯಿಸಿದಾಗ ಅವು ತೆರೆದುಕೊಂಡದ್ದು ಅದೇ ಹಂತದಲ್ಲಲ್ಲ. ಸೊನ್ನೆಯ ಮೇಲೆ 50ರಿಂದ 100 ಡಿಗ್ರಿಯ ನಡುವೆ. ಅಂದರೆ ಕೋಣೆಯ ತಾಪದಲ್ಲಿ ಈ ಸ್ಫಟಿಕ ತೆರೆದೂ ಇರಬಹುದು, ಮುಚ್ಚಿಯೂ ಇರಬಹುದು. ಯಾವುದೆಂಬುದು ಅದು ಚಳಿಯಿಂದ ಬಂದಿದೆಯೋ ಸೆಕೆಯಿಂದ ಬಂದಿದೆಯೋ ಎಂಬುದನ್ನು ಅವಲಂಬಿಸಿದೆ. ಕಲ್ಲಿಗೂ ಒಂದು ಬಗೆಯ ನೆನಪು!

ಕಾರಣವನ್ನು ಹೀಗೆ ವಿವರಿಸುತ್ತಾರೆ. ಎದುರುಬದುರು ಗೋಡೆಗಳಲ್ಲಿರುವ ಬೆಂಜೀನ್ ಉಂಗುರಗಳ ನಡುವೆ ದುರ್ಬಲವಾದ ಆಕರ್ಷಣೆಯಿದೆ. ಚಳಿಯಲ್ಲಿ ಅದೇ ಗೆಲ್ಲುತ್ತದೆ; ಗೋಡೆಗಳು ಹತ್ತಿರ ಬರುತ್ತವೆ. ಬಿಸಿ ಏರಿದಂತೆ ಪರಮಾಣುಗಳು ಹೆಚ್ಚು ಕಂಪಿಸುತ್ತವೆ, ಕಂಪಿಸಲು ಸ್ವಾತಂತ್ರ್ಯ ಬೇಕಾಗುತ್ತದೆ. ಆ ಸ್ವಾತಂತ್ರ್ಯ ತೆರೆದ ಮನೆಯಲ್ಲಿ ಹೆಚ್ಚು. ಕಾಲೇಜಿನಲ್ಲಿ ಎಂಟ್ರೊಪಿ ಎಂಬ ಪಾಠವನ್ನು ಬಾಯಿಪಾಠ ಮಾಡುವ ವಿದ್ಯಾರ್ಥಿಗಳು ಈ ಸ್ಫಟಿಕವನ್ನು ನೆನೆದರೆ ಆ ಪದಕ್ಕೆ ಒಂದು ರೂಪ ಸಿಗುತ್ತದೆ.

ಬಿಸಿಗೆ ಕುಗ್ಗುವುದು ಹೇಗೆ?

ಬಿಸಿಗೆ ಕುಗ್ಗುವ ಸ್ಫಟಿಕಗಳ ಅಧ್ಯಯನಕ್ಕೆ ಹೊಸ ಹುರುಪು ಬಂದದ್ದು 1996ರಲ್ಲಿ. ಅಮೆರಿಕದ ಆರೆಗಾನ್ ಸ್ಟೇಟ್ ವಿಶ್ವವಿದ್ಯಾಲಯದ ಆರ್ಥರ್ ಸ್ಲೈಟ್ ಅವರ ತಂಡ, ಟಿ. ಎ. ಮೇರಿ ಮೊದಲ ಲೇಖಕಿಯಾಗಿದ್ದ ಪ್ರಬಂಧದಲ್ಲಿ, ಜಿರ್ಕೋನಿಯಮ್ ಟಂಗ್‌ಸ್ಟೇಟ್ ಎಂಬ ವಸ್ತುವನ್ನು ವರದಿ ಮಾಡಿತು. ನಿರಪೇಕ್ಷ ಸೊನ್ನೆಯ ಹತ್ತಿರದಿಂದ ಹಿಡಿದು ಸುಮಾರು 1,050 ಕೆಲ್ವಿನ್‌ವರೆಗೆ ಅದು ಬಿಸಿಯಾದಂತೆಲ್ಲ ಎಲ್ಲ ದಿಕ್ಕಿನಲ್ಲೂ ಸಮನಾಗಿ ಕುಗ್ಗುತ್ತಲೇ ಹೋಗುತ್ತದೆ.

ಇಬ್ಬರು ಮಕ್ಕಳು ಹಗ್ಗದ ಎರಡು ತುದಿ ಹಿಡಿದು ನೇರವಾಗಿ ನಿಂತಿದ್ದಾರೆ ಎಂದುಕೊಳ್ಳಿ. ಮೂರನೆಯವಳು ಜಿಗಿಯಲೆಂದು ಹಗ್ಗ ತಿರುಗಿಸತೊಡಗಿದರೆ ಇಬ್ಬರೂ ಹತ್ತಿರಕ್ಕೆ ಬರಲೇಬೇಕು. ಹಗ್ಗ ಗಿಡ್ಡವಾಗಿಲ್ಲ, ಅಡ್ಡಕ್ಕೆ ಬೀಸುತ್ತಿರುವುದರಿಂದ ತುದಿಗಳ ನಡುವಿನ ದೂರ ಕಡಿಮೆಯಾಗಿದೆ. ಸರಂಧ್ರ ಚೌಕಟ್ಟಿನಲ್ಲಿ ಕಡ್ಡಿಗಳ ಸುತ್ತ ಖಾಲಿ ಜಾಗ ಧಾರಾಳ. ಬಿಸಿಯಾದಾಗ ಅವು ಅಡ್ಡಕ್ಕೆ ಬೀಸುತ್ತವೆ, ಬಾಗುತ್ತವೆ. ಲೋಹದ ಗೊಂಚಲುಗಳು ಹತ್ತಿರವಾಗುತ್ತವೆ. ಎಂಓಎಫ್-5 ಹೀಗೆ ಕುಗ್ಗಬೇಕೆಂದು 2007ರಲ್ಲಿ ಗಣಕಯಂತ್ರದ ಲೆಕ್ಕಾಚಾರ ಹೇಳಿತು. ಮುಂದಿನ ವರ್ಷಗಳ ಪ್ರಯೋಗಗಳು ಅದನ್ನು ಸ್ಥಿರಪಡಿಸಿದವು. ಒಂದು ಡಿಗ್ರಿ ಬಿಸಿಗೆ ಉಕ್ಕು ತನ್ನ ಉದ್ದದ ಹತ್ತು ಲಕ್ಷದಲ್ಲಿ ಸುಮಾರು 12 ಭಾಗ ಹಿಗ್ಗಿದರೆ, ಎಂಓಎಫ್-5 ಸುಮಾರು 13 ಭಾಗ ಕುಗ್ಗುತ್ತದೆ. ಕಮ್ಮಾರನ ಪಟ್ಟಿ ಇದರದ್ದಾಗಿದ್ದರೆ ಅದನ್ನು ಚಕ್ರಕ್ಕೆ ತೊಡಿಸಲು ಬೆಂಕಿಯ ಬದಲು ಮಂಜುಗಡ್ಡೆ ಬೇಕಾಗುತ್ತಿತ್ತು.

2008ರಲ್ಲಿ ಆಂಡ್ರ್ಯೂ ಗುಡ್ವಿನ್ ಮತ್ತು ಸಂಗಡಿಗರು ಬೆಳ್ಳಿ ಹಾಗೂ ಕೋಬಾಲ್ಟಿನ ಸಯನೈಡ್ ಸ್ಫಟಿಕವೊಂದರಲ್ಲಿ ಮಡಚುವ ಗೇಟಿನ ತತ್ತ್ವವನ್ನೇ ಕಂಡರು. ಬಿಸಿಯಾದಾಗ ಅದು ಒಂದು ದಿಕ್ಕಿನಲ್ಲಿ ಸಾಮಾನ್ಯ ವಸ್ತುಗಳ ಹತ್ತು ಪಟ್ಟಿಗೂ ಹೆಚ್ಚು ಹಿಗ್ಗುತ್ತದೆ. ಇನ್ನೊಂದು ದಿಕ್ಕಿನಲ್ಲಿ ಹೆಚ್ಚುಕಡಿಮೆ ಅಷ್ಟೇ ಕುಗ್ಗುತ್ತದೆ.

ಬಿಸಿ ಮಿತಿಮೀರಿದರೆ

ಬಗ್ಗುವುದಕ್ಕೂ ಒಂದು ಮಿತಿ ಇದ್ದೇ ಇದೆ. ಹೆಚ್ಚಿನ ಎಂಓಎಫ್‌ಗಳು ಅತಿಯಾಗಿ ಕಾಯಿಸಿದರೆ ಸುಟ್ಟು ಹಾಳಾಗುತ್ತವೆ. ಆದರೆ ಸತು ಮತ್ತು ಇಮಿಡಜೋಲ್ ಅಣುಗಳಿಂದಾದ 'ಜಿಫ್-4' ಎಂಬುದು ಬೇರೆ ದಾರಿ ಹಿಡಿಯುತ್ತದೆ. ಕೇಂಬ್ರಿಜ್‌ನ ಥಾಮಸ್ ಬೆನೆಟ್ ಮತ್ತು ಸಂಗಡಿಗರು 2010ರಿಂದ ಈಚೆಗೆ ಇದನ್ನು ಬಿಡಿಸಿ ತೋರಿಸಿದ್ದಾರೆ. ಸುಮಾರು 300 ಡಿಗ್ರಿಯಲ್ಲಿ ಅದರ ಕ್ರಮಬದ್ಧ ಜೋಡಣೆ ಕಲಸಿಹೋಗುತ್ತದೆ. ಇನ್ನೂ ಕಾಯಿಸಿದರೆ ಮತ್ತೊಂದು ದಟ್ಟವಾದ ಸ್ಫಟಿಕವಾಗುತ್ತದೆ. 590 ಡಿಗ್ರಿಯ ಆಸುಪಾಸಿನಲ್ಲಿ ಅದು ಕರಗಿ ದ್ರವವಾಗುತ್ತದೆ, ತಣಿಸಿದರೆ ಗಾಜಾಗುತ್ತದೆ. ಕಿಟಕಿಯ ಗಾಜು, ಪ್ಲಾಸ್ಟಿಕ್ ಗಾಜು, ಲೋಹದ ಗಾಜು ಈ ಮೂರಕ್ಕೂ ಸೇರದ ಹೊಸ ಬಗೆಯ ಗಾಜು ಇದು. ಒಂದೇ ವಸ್ತು, ಒಂದೇ ಒಲೆ, ನಾಲ್ಕು ಅವತಾರ.

ನಮ್ಮ ನಾಡಿನ ನಂಟು

ಈ ಕ್ಷೇತ್ರದಲ್ಲಿ ಬೆಂಗಳೂರಿನ ಪಾಲೂ ಇದೆ. ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನ ಕೇಂದ್ರದಲ್ಲಿ ನಮ್ಮವರೇ ಆದ ಸಿ. ಎನ್. ಆರ್. ರಾವ್ ಅವರು, ಎಸ್. ನಟರಾಜನ್ ಮತ್ತು ಆರ್. ವೈದ್ಯನಾಥನ್ ಅವರೊಡನೆ, ಲೋಹ ಮತ್ತು ಸಾವಯವ ಆಮ್ಲಗಳ ತೆರೆದ ಚೌಕಟ್ಟುಗಳ ಬಗ್ಗೆ 2004ರಲ್ಲಿ ಪ್ರಕಟಿಸಿದ ವಿಮರ್ಶಾ ಪ್ರಬಂಧ ಪ್ರಸಿದ್ಧವಾದುದು. ಅದೇ ಕೇಂದ್ರದ ತಪಸ್ ಮಾಜಿ, ಕಿತಾಗಾವಾ ಅವರ ಜೊತೆ ಕೆಲಸ ಮಾಡಿ, ಬಗ್ಗುವ ಚೌಕಟ್ಟೊಂದನ್ನು ಕುರಿತು 2007ರಲ್ಲಿ ಪ್ರಬಂಧ ಪ್ರಕಟಿಸಿದವರು.

ಮತ್ತೆ ನೀರಿನ ಬಳಿಗೆ

ನಲ್ಲಿಯಿಲ್ಲದ ಮನೆಯಲ್ಲಿ ಬೆಳೆದ ಒಮರ್ ಯಾಗಿ 2017ರಲ್ಲಿ, ಎಂಐಟಿಯ ಎವೆಲಿನ್ ವಾಂಗ್ ಅವರ ತಂಡದೊಡನೆ, ಒಣ ಗಾಳಿಯಿಂದ ಕುಡಿಯುವ ನೀರು ತೆಗೆಯುವ ಸಾಧನವನ್ನು ಪ್ರಕಟಿಸಿದರು. ಅದರಲ್ಲಿದ್ದದ್ದು 'ಎಂಓಎಫ್-801' ಎಂಬ ಪುಡಿ. ರಾತ್ರಿಯ ತಂಪಿನಲ್ಲಿ ಪುಡಿ ಗಾಳಿಯ ತೇವವನ್ನು ಹೀರುತ್ತದೆ. ಹಗಲು ಬಿಸಿಲು ಕಾಯಿಸಿದಾಗ ಬಿಟ್ಟುಕೊಡುತ್ತದೆ. ಆರ್ದ್ರತೆ ಶೇಕಡ 20ಕ್ಕೆ ಇಳಿದಿದ್ದರೂ ಒಂದು ಕಿಲೋ ಪುಡಿಯಿಂದ ದಿನಕ್ಕೆ 2.8 ಲೀಟರ್ ನೀರು ಪಡೆಯಲು ಸಾಧ್ಯ ಎಂದು ಅವರು ಲೆಕ್ಕ ಕೊಟ್ಟರು. ಮುಂದೆ ಅಮೆರಿಕದ ಅರಿಜೋನ ಮರುಭೂಮಿಯಲ್ಲಿ ಇಂಥ ಸಾಧನಗಳನ್ನು ಪರೀಕ್ಷಿಸಿ ನೋಡಿದರು.

1756ರಲ್ಲಿ ಕ್ರೋನ್‌ಸ್ಟೆಟ್‌ನ ಜ್ವಾಲೆಯ ಮುಂದೆ ಕಲ್ಲು ಮಾಡಿದ್ದೂ ಇದನ್ನೇ: ಬಿಸಿ ತಗುಲಿದಾಗ ನೀರು ಬಿಟ್ಟುಕೊಟ್ಟಿತು. ಅಂದು ಅದು ಒಂದು ಖನಿಜವನ್ನು ಗುರುತಿಸುವ ಗುರುತು ಮಾತ್ರ. ಇಂದು ಅದೇ ಗುಣವನ್ನು ಯಾವ ತಾಪದಲ್ಲಿ, ಎಷ್ಟು ಬೇಗ, ಎಷ್ಟು ನೀರು ಎಂದು ಲೆಕ್ಕ ಹಾಕಿ ಕಟ್ಟುತ್ತಿದ್ದಾರೆ. ಆದರೂ ಹೊಸ ಚೌಕಟ್ಟೊಂದನ್ನು ಕಾಗದದ ಮೇಲೆ ಬರೆದಾಗ, ಕಾಯಿಸಿದರೆ ಅದು ನಿಲ್ಲುವುದೋ, ಬಾಗುವುದೋ, ಕುಸಿಯುವುದೋ ಎಂಬುದನ್ನು ಮುಂಚಿತವಾಗಿ ಖಚಿತವಾಗಿ ಹೇಳುವುದು ಇನ್ನೂ ಕಷ್ಟವೇ. ಮಾಡಿ, ಕಾಯಿಸಿ ನೋಡಲೇಬೇಕು. ಮುಂದಿನ ಸಲ ಪ್ರಯೋಗಾಲಯದಲ್ಲಿ ಮೈಲುತುತ್ತದ ಹರಳು ಬಿಳಿಯ ಪುಡಿಯಾಗುವುದನ್ನು ನೋಡುವಾಗ, ಅದು ಏಕೆ ಬಿತ್ತು ಎಂಬುದರ ಜೊತೆಗೆ, ಅದು ನಿಲ್ಲಬೇಕಾದರೆ ಏನಿರಬೇಕಿತ್ತು ಎಂದೂ ಕೇಳಿಕೊಳ್ಳಿ. ಅಂಥ ಪ್ರಶ್ನೆಯ ಬೆನ್ನು ಹತ್ತಿದವರೇ ಈ ಚೌಕಟ್ಟುಗಳನ್ನು ಕಟ್ಟಿದ್ದು.